ಹುಲ್ಲು ಕೊಯ್ದವಳು, ಹೆಸರಿಲ್ಲದ ಜಮೀನು

ಅಮೆರಿಕದ ಪಶ್ಚಿಮ ಸೀಮೆಯ ದನಗಾಹಿ ಬದುಕನ್ನು ನಾವೆಲ್ಲ ನೋಡಿದ್ದು ಸಿನಿಮಾಗಳಲ್ಲಿ. ಅಲ್ಲಿ ಗಂಡಸು ಕುದುರೆಯ ಮೇಲಿರುತ್ತಾನೆ, ಹೆಂಗಸು ಬಾಗಿಲಲ್ಲಿ ನಿಂತು ಅವನ ದಾರಿ ಕಾಯುತ್ತಾಳೆ. ಈ ಚಿತ್ರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ರ‍್ಯಾಂಚ್ ಎಂದಕೂಡಲೇ ಟೋಪಿ, ಪಿಸ್ತೂಲು, ಧೂಳು ಕಣ್ಣಮುಂದೆ ಬರುತ್ತವೆ. ಮೇವಿನ ಬಣವೆ ಬರುವುದಿಲ್ಲ, ಹಾಲಿನ ಬಕೆಟ್ಟು ಬರುವುದಿಲ್ಲ, ಚಳಿಗಾಲಕ್ಕೆಂದು ಕೂಡಿಟ್ಟ ಆಲೂಗಡ್ಡೆಯ ರಾಶಿ ಬರುವುದಿಲ್ಲ. ಇವೆಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಬರೆದಿಟ್ಟ ಪುಸ್ತಕವೊಂದು 1914ರಲ್ಲೇ ಪ್ರಕಟವಾಗಿದೆ. ಎಲಿನೋರ್ ಪ್ರುಯಿಟ್ ಸ್ಟುವರ್ಟ್ ಬರೆದ ‘ಲೆಟರ್ಸ್ ಆಫ್ ಎ ವುಮನ್ ಹೋಮ್‌ಸ್ಟೆಡರ್’. ಸರ್ಕಾರಿ ಜಮೀನು ಮಂಜೂರು ಮಾಡಿಸಿಕೊಂಡು ಸ್ವಂತ ಕಾಲ ಮೇಲೆ ನಿಂತ ಹೆಣ್ಣಿನ ಗೆಲುವಿನ ಕಥೆ ಎಂದೇ ಇದು ಹೆಸರಾಗಿದೆ. ಆ ಹೆಸರಿಗಿಂತ ಪುಸ್ತಕ ದೊಡ್ಡದು. ಜಮೀನಿನ ಕಥೆಯೆಂದು ಓದಿದರೆ ಇದು ನಡುವೆ ಕುಸಿಯುತ್ತದೆ. ದುಡಿಮೆಯ ಕಥೆಯೆಂದು ಓದಿದರೆ ನೂರು ವರ್ಷ ಕಳೆದ ಮೇಲೂ ನೆಟ್ಟಗೆ ನಿಲ್ಲುತ್ತದೆ.

ಎಲಿನೋರ್ ಹುಟ್ಟಿದ್ದು 1876ರಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆತಾಯಿ ತೀರಿಕೊಂಡು ತಮ್ಮ ತಂಗಿಯರ ಭಾರ ಅವಳ ತಲೆಗೆ ಬಂತು. ಮೊದಲ ಮದುವೆ ಮುರಿದುಬಿತ್ತು, ಕಂಕುಳಲ್ಲಿ ಜೆರ‍್ರೀನ್ ಎಂಬ ಹೆಣ್ಣುಮಗು ಉಳಿಯಿತು. ಡೆನ್ವರ್ ನಗರದಲ್ಲಿ ಊರವರ ಬಟ್ಟೆ ಒಗೆದು, ಮನೆಗೆಲಸ ಮಾಡಿ ಜೀವನ ಸಾಗಿಸುತ್ತಿದ್ದಳು. ಅವಳು ಕೆಲಸಕ್ಕಿದ್ದ ಮನೆಯ ಒಡತಿ ಮಿಸೆಸ್ ಕೋನಿ, ನಿವೃತ್ತ ಶಿಕ್ಷಕಿ. 1909ರಲ್ಲಿ ವಯೋಮಿಂಗ್ ರಾಜ್ಯದ ಬರ್ನ್ಟ್ ಫೋರ್ಕ್ ಎಂಬಲ್ಲಿ ದನ ಸಾಕಿಕೊಂಡಿದ್ದ ಸ್ಕಾಟ್ಲೆಂಡ್ ಮೂಲದ ಕ್ಲೈಡ್ ಸ್ಟುವರ್ಟ್ ಮನೆ ನೋಡಿಕೊಳ್ಳಲು ಹೆಂಗಸು ಬೇಕೆಂದು ಜಾಹೀರಾತು ಕೊಟ್ಟಿದ್ದ. ಎಲಿನೋರ್ ಮಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೊರಟಳು. ರೈಲು ನಿಲ್ದಾಣದಿಂದ ಆ ಮನೆಗೆ 60 ಮೈಲಿ. ಅಲ್ಲಿಂದ ಹಳೆಯ ಒಡತಿಗೆ ಬರೆದ ಕಾಗದಗಳೇ ಈ ಪುಸ್ತಕ. ಮೊದಲು ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ 1913-14ರಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ಎನ್. ಸಿ. ವೈಯೆತ್ ಅವರ ಚಿತ್ರಗಳೊಂದಿಗೆ ಪುಸ್ತಕವಾಯಿತು.

ಆ ಮೊದಲ ಬೇಸಿಗೆಯ ಕಾಗದವೊಂದನ್ನು ಹತ್ತಿರದಿಂದ ನೋಡಬೇಕು. ಹುಲ್ಲು ಕೊಯ್ಯುವ ಕಾಲ. ಕ್ಲೈಡ್‌ಗೆ ಆಳು ಸಿಗುತ್ತಿಲ್ಲ. ಕೊಯ್ಯುವ ಯಂತ್ರಕ್ಕೆ ಒಬ್ಬನನ್ನು ಕೂರಿಸಿದರೆ ಬಣವೆ ಒಟ್ಟುವಲ್ಲಿ ಉಳಿದವರು ಕೈಕಟ್ಟಿ ಕೂರಬೇಕು, ಎರಡನ್ನೂ ಅವನೊಬ್ಬನೇ ನಡೆಸಲಾರ. ಎಲಿನೋರ್‌ಗೆ ಆ ಯಂತ್ರ ಓಡಿಸುವುದು ಚಿಕ್ಕಂದಿನಿಂದಲೇ ಗೊತ್ತು. ತಂದೆತಾಯಿ ಹೋದ ಮೇಲೆ ಆಳಿಗೆ ಕೊಡಲು ದುಡ್ಡಿಲ್ಲದೆ ಮಕ್ಕಳೇ ಎಲ್ಲ ಕೆಲಸ ಕಲಿತಿದ್ದರು. ಆದರೆ ಹೇಳಿದರೆ ಎಲ್ಲಿ ಬೇಡವೆಂದುಬಿಡುತ್ತಾನೋ ಎಂದು ಬಾಯಿ ಬಿಡಲಿಲ್ಲ. ಒಂದು ಬೆಳಗ್ಗೆ ಕ್ಲೈಡ್ ಆಳು ಹುಡುಕಿಕೊಂಡು ಹೋದ ಹೊತ್ತಿಗೆ ಕೊಟ್ಟಿಗೆಗೆ ಹೋಗಿ ಕುದುರೆಗಳನ್ನು ಬಿಚ್ಚಿ, ಯಂತ್ರಕ್ಕೆ ಹೂಡಿ, ಹೊಲಕ್ಕೆ ಇಳಿದಳು. ಅವನು ಬರಿಗೈಲಿ ವಾಪಸು ಬರುವಷ್ಟರಲ್ಲಿ ತನಗೆ ಕೆಲಸ ಬರುತ್ತದೆಂದು ತೋರಿಸುವಷ್ಟು ಹುಲ್ಲು ನೆಲಕ್ಕೆ ಬಿದ್ದಿತ್ತು. ಅವನಿಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು.

ಕೊಯ್ಯುವ ಸಾಮರ್ಥ್ಯಕ್ಕಿಂತ ಅದನ್ನು ಬಚ್ಚಿಟ್ಟುಕೊಳ್ಳಬೇಕಾಗಿ ಬಂದದ್ದು ಇಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುತ್ತದೆ. ಕೆಲಸ ಬರುತ್ತದೆ, ಕೆಲಸ ಕಣ್ಣೆದುರೇ ಬಿದ್ದಿದೆ, ಮಾಡುವವರಿಲ್ಲದೆ ಮನೆಯವನು ಕಂಗಾಲಾಗಿದ್ದಾನೆ. ಆದರೂ ಕೇಳಿದರೆ ಬೇಡವೆಂದಾನು ಎಂಬ ಅಂಜಿಕೆ. ಗಂಡಸಿನ ಕೆಲಸ, ಹೆಂಗಸಿನ ಕೆಲಸ ಎಂಬ ಗೆರೆ ಆ ಸೀಮೆಯಲ್ಲೂ ಇತ್ತು, ದುಡಿಮೆಯ ಒತ್ತಡ ಬಂದಾಗ ಆ ಗೆರೆ ಅಳಿಸಿಹೋಗುತ್ತಲೂ ಇತ್ತು. ಎಲಿನೋರ್ ಇದನ್ನು ವಾದ ಮಾಡಿ ಹೇಳುವುದಿಲ್ಲ. ಕೇಳದೆ, ಜಗಳವಾಡದೆ ಕುದುರೆ ಹೂಡಿದ ಒಂದು ಬೆಳಗನ್ನು ಬರೆದು ಮುಂದಕ್ಕೆ ಹೋಗುತ್ತಾಳೆ. ಆ ಬೇಸಿಗೆ ಅಡುಗೆಯನ್ನೆಲ್ಲ ಬಹುಪಾಲು ರಾತ್ರಿ ಮಾಡಿದೆ, ದಿನವೂ 7 ಹಸುಗಳ ಹಾಲು ಕರೆದೆ, ಹುಲ್ಲನ್ನೆಲ್ಲ ನಾನೇ ಕೊಯ್ದೆ ಎನ್ನುತ್ತಾಳೆ. ಅದರ ಮಧ್ಯೆಯೇ ಕಾಡುಹಣ್ಣು ತಂದು 30 ಪಿಂಟ್ ಜೆಲ್ಲಿ, ಅಷ್ಟೇ ಜಾಮ್ ಮಾಡಿಟ್ಟಿದ್ದಾಳೆ. ಹಗಲು ಹೊಲಕ್ಕೆ ಹೋದದ್ದರಿಂದ ಅಡುಗೆ ರಾತ್ರಿಗೆ ಸರಿಯಿತು, ಬೇರೆ ಯಾರ ಕೈಗೂ ಹೋಗಲಿಲ್ಲ. ಗಂಡಸಿನ ಕೆಲಸ ಮಾಡುವ ಸ್ವಾತಂತ್ರ್ಯ ಸಿಕ್ಕಾಗ ಹೆಂಗಸಿನ ಕೆಲಸ ಕಡಿಮೆಯಾಗದು ಎಂಬುದನ್ನು ಆ ಪಟ್ಟಿ ತಾನೇ ಹೇಳುತ್ತದೆ. ಎಲಿನೋರ್ ಮಾತ್ರ ಅದನ್ನು ದೂರಾಗಿ ಬರೆಯುವುದಿಲ್ಲ. ಆ ಬೇಸಿಗೆಯನ್ನು ತನ್ನ ಬಾಳಿನ ಸಂತೋಷದ ಕಾಲವೆಂದೇ ಎಣಿಸುತ್ತಾಳೆ, ಆ ಮಾತನ್ನು ನಂಬದಿರಲು ನನಗೆ ಕಾರಣ ಕಾಣುವುದಿಲ್ಲ.

ಹುಲ್ಲಿಗೆ ಇಷ್ಟು ಮಹತ್ವ ಬಂದದ್ದಕ್ಕೆ ಹಿನ್ನೆಲೆಯಿದೆ. 1880ರ ದಶಕದವರೆಗೆ ಆ ಸೀಮೆಯ ದೊಡ್ಡ ದನದ ಮಾಲೀಕರು ದನಗಳನ್ನು ವರ್ಷವಿಡೀ ಬಯಲಿಗೆ ಬಿಟ್ಟುಬಿಡುತ್ತಿದ್ದರು. 1886-87ರ ಚಳಿಗಾಲ ಆ ಪದ್ಧತಿಯ ಬೆನ್ನು ಮುರಿಯಿತು. ಹಿಮದಡಿ ಮೇವು ಸಿಗದೆ ದನಗಳು ರಾಶಿರಾಶಿಯಾಗಿ ಸತ್ತವು. ಅಲ್ಲಿಂದಾಚೆಗೆ ಚಳಿಗಾಲಕ್ಕೆ ಮೇವು ಕೂಡಿಡದವನು ರ‍್ಯಾಂಚ್ ನಡೆಸುವಂತಿರಲಿಲ್ಲ. ಬೇಲಿ, ಹುಲ್ಲುಗಾವಲು, ಬಣವೆ, ಕೋಳಿ, ಹಾಲು, ಬೆಣ್ಣೆ ಎಲ್ಲ ಒಟ್ಟಿಗೆ ಬಂದವು. ಬಯಲಲ್ಲಿ ದನ ಹೊಡೆಯುವ ಕೆಲಸ ಹಿಂದೆ ಸರಿದು, ಮನೆಯ ಸುತ್ತಮುತ್ತ ನಡೆಯುವ ಸಂಸಾರದ ಬೇಸಾಯ ಮುಂದೆ ಬಂತು. ಸಿನಿಮಾದವರು ಹಿಡಿದುಕೊಂಡದ್ದು ಮುಗಿದುಹೋದ ಮೊದಲ ಕಾಲವನ್ನು. ಎಲಿನೋರ್ ಬರೆಯುವುದು ಎರಡನೆಯ ಕಾಲವನ್ನು, ಅಲ್ಲಿ ಹೆಂಗಸಿನ ಕೈ ನಿಂತರೆ ರ‍್ಯಾಂಚೇ ನಿಲ್ಲುತ್ತದೆ.

1913ರ ನವೆಂಬರಿನ ಕಾಗದದಲ್ಲಿ ಆಕೆ ಇಡೀ ವರ್ಷದ ಲೆಕ್ಕ ಕೊಡುತ್ತಾಳೆ. 2 ಟನ್ನಿಗೂ ಮಿಕ್ಕಿ ಆಲೂಗಡ್ಡೆ, ಅರ್ಧ ಟನ್ ಕ್ಯಾರೆಟ್, ಬೀಟ್‌ರೂಟ್, ಈರುಳ್ಳಿ, ನೂರಕ್ಕೂ ಹೆಚ್ಚು ಎಲೆಕೋಸು. ಬೇಸಿಗೆಯುದ್ದಕ್ಕೂ ದಿನಕ್ಕೆ ಎರಡು ಬಾರಿ 10 ಹಸುಗಳ ಹಾಲು ಕರೆದು, ಬೆಣ್ಣೆ ಮಾರಿದ ದುಡ್ಡಿನಲ್ಲಿ ವರ್ಷಕ್ಕೆ ಬೇಕಾದ ಹಿಟ್ಟು ಮತ್ತು ದೀಪದ ಗ್ಯಾಸೊಲಿನ್ ಕೊಂಡಿದ್ದಾಳೆ. ಕೋಳಿಗಳಿವೆ, ಹಬ್ಬಕ್ಕೂ ಹುಟ್ಟಿದ ದಿನಕ್ಕೂ ಆಗುವಷ್ಟು ಟರ್ಕಿಗಳಿವೆ. ಬಿತ್ತನೆಯ ಆಲೂಗಡ್ಡೆಯನ್ನು ತುಂಡುಮಾಡಿ ನೆಲಕ್ಕೆ ಹಾಕಲು ನೆರವಾದದ್ದು ಪುಟ್ಟ ಜೆರ‍್ರೀನ್. ಈ ಲೆಕ್ಕದಲ್ಲಿ ಪುಸ್ತಕದ ಅತ್ಯುತ್ತಮ ಗದ್ಯವಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಬೆಣ್ಣೆ ಯಾವುದಕ್ಕೆ ಹೋಯಿತು, ಹಾಲು ಎಷ್ಟು ಹೊತ್ತು ತಿಂದಿತು ಎಂದು ಬಲ್ಲವಳ ಬರಹ ಅದು. ರ‍್ಯಾಂಚಿನ ಆದಾಯ ಎಂದರೆ ಶರತ್ಕಾಲದಲ್ಲಿ ಮಾರಿದ ದನಗಳ ಹಣ ಎಂದು ಎಲ್ಲರೂ ಎಣಿಸುತ್ತಾರೆ. ಆ ಹಣ ಕೈಗೆ ಬರುವವರೆಗೂ ಮನೆ ನಡೆಸಿದ್ದು ಬೆಣ್ಣೆ ಎಂಬುದು ಇಲ್ಲಿ ಕಾಣುತ್ತದೆ.

ಕೊಳೆ ಬಟ್ಟೆ ಒಗೆದು ನಗರದಲ್ಲಿ ಸವೆಯುತ್ತಿರುವ ಬಡ ಹೆಂಗಸರೆಲ್ಲ ಬಂದು ಜಮೀನು ಹಿಡಿಯಲಿ ಎಂದು ಎಲಿನೋರ್ ಅದೇ ವರ್ಷದ ಜನವರಿಯ ಕಾಗದದಲ್ಲಿ ಕರೆಕೊಡುತ್ತಾಳೆ. ಒಂದೊಂದು ದಿನದ ಒಗೆತಕ್ಕೆ ಬೇಕಾದಷ್ಟೇ ಶ್ರಮ, ಅಷ್ಟೇ ಜಾಗ್ರತೆ ನೆಲಕ್ಕೆ ಕೊಟ್ಟರೆ ಹೊಟ್ಟೆತುಂಬ ಊಟ, ಸ್ವಂತ ಸೂರು ಸಿಗುತ್ತದೆ ಎಂಬುದು ಅವಳ ವಾದ. ಒಂಟಿತನಕ್ಕೂ ಕೆಲಸಕ್ಕೂ ಹೆದರುವವರು ಬರಬೇಡಿ ಎಂದು ಎಚ್ಚರಿಕೆಯನ್ನೂ ಸೇರಿಸುತ್ತಾಳೆ. ಸ್ವತಃ ಒಗೆದವಳ ಬಾಯಿಂದ ಬಂದದ್ದರಿಂದ ಈ ಮಾತಿಗೆ ತೂಕವಿದೆ. ಆದರೆ ಪುಸ್ತಕ ಎಡವುವುದೂ ಇಲ್ಲೇ.

1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ, ಅಲ್ಲೇ ಮನೆ ಕಟ್ಟಿ 5 ವರ್ಷ ವಾಸವಿದ್ದು ಉಳುಮೆ ಮಾಡಿದರೆ ಹಕ್ಕುಪತ್ರ ಸಿಗುತ್ತಿತ್ತು. 1912ರಲ್ಲಿ ಆ ಅವಧಿ 3 ವರ್ಷಕ್ಕೆ ಇಳಿಯಿತು. ಮದುವೆಯಾಗದವಳು, ವಿಧವೆ, ಗಂಡನಿಂದ ಬೇರೆಯಾಗಿ ಸಂಸಾರದ ಹೊಣೆ ಹೊತ್ತವಳು ಅರ್ಜಿ ಹಾಕಬಹುದಿತ್ತು. ಗಂಡನೊಂದಿಗೆ ಬಾಳುವ ಹೆಂಡತಿಗೆ ಆ ಅವಕಾಶವಿರಲಿಲ್ಲ. ಎಲಿನೋರ್ 1909ರ ಮೇ ತಿಂಗಳಲ್ಲಿ ಕ್ಲೈಡ್‌ನ ಜಮೀನಿಗೆ ತಾಗಿಕೊಂಡಿದ್ದ ನೆಲಕ್ಕೆ ಅರ್ಜಿ ಹಾಕಿದಳು. ಒಂದು ವಾರದ ಆಸುಪಾಸಿನಲ್ಲಿ ಅವನನ್ನೇ ಮದುವೆಯಾದಳು. ಓಟ್ಸ್ ಬಿತ್ತನೆಗೂ ಮುಂದಿನ ಕೆಲಸಕ್ಕೂ ನಡುವೆ ಸಿಕ್ಕ ಬಿಡುವಿನಲ್ಲಿ ಮದುವೆ ಮುಗಿಯಿತು, ಕಾಲಲ್ಲಿ ಹಳೆಯ ಬೂಟು, ಸೊಂಟದಲ್ಲಿ ಅಡುಗೆಯ ಏಪ್ರನ್. ತನ್ನ ಮನೆಯನ್ನು ಅವನ ಮನೆಗೆ ಅಂಟಿಸಿಯೇ ಕಟ್ಟಿಸಿಕೊಂಡಳು. ಈ ಸುದ್ದಿಯನ್ನು ಮಿಸೆಸ್ ಕೋನಿಗೆ ತಿಂಗಳುಗಟ್ಟಲೆ ತಿಳಿಸಲಿಲ್ಲ. ಹುಲ್ಲು ಕೊಯ್ದ ಆ ಕಾಗದವನ್ನು ಬರೆಯುವಾಗ ಮದುವೆಯಾಗಿ ಆಗಲೇ ನಾಲ್ಕು ತಿಂಗಳಾಗುತ್ತಿತ್ತು, ಕಾಗದದಲ್ಲಿ ಮಾತ್ರ ಗಂಡ ‘ಮಿಸ್ಟರ್ ಸ್ಟುವರ್ಟ್’ ಆಗಿಯೇ ಇದ್ದಾನೆ.

ಮುಂದೆ ಆದದ್ದನ್ನು ಪುಸ್ತಕ ಹೇಳುವುದಿಲ್ಲ. ಜಮೀನು ದಾಖಲೆಗಳನ್ನು ಪರಿಶೀಲಿಸಿದ ಇತಿಹಾಸಕಾರ್ತಿ ಶೆರಿ ಎಲ್. ಸ್ಮಿತ್ 1991ರ ಲೇಖನದಲ್ಲಿ ಅದನ್ನು ಹೊರಗಿಟ್ಟರು. ಗಂಡ ಹೆಂಡತಿ ಒಂದೇ ಮನೆಯಲ್ಲಿ ಬಾಳುತ್ತ ಬೇರೆಬೇರೆ ಎರಡು ಜಮೀನುಗಳಲ್ಲಿ ವಾಸವಿದ್ದೇವೆಂದು ತೋರಿಸುವುದು ಸಾಧ್ಯವಿರಲಿಲ್ಲ. 1912ರಲ್ಲಿ ಎಲಿನೋರ್ ತನ್ನ ಹಕ್ಕನ್ನು ಬಿಟ್ಟುಕೊಟ್ಟಳು, ಆ ನೆಲ ಅತ್ತೆಯ ಪಾಲಿಗೆ ಹೋಯಿತು. ಹೆಂಗಸರೇ ಬನ್ನಿ, ಜಮೀನು ಹಿಡಿಯಿರಿ ಎಂಬ ಕರೆ ಅಚ್ಚಾಗುವ ಹೊತ್ತಿಗೆ ಕರೆ ಕೊಟ್ಟವಳ ಹೆಸರಲ್ಲಿ ಆ ಜಮೀನಿರಲಿಲ್ಲ.

ಇದು ತಿಳಿದ ಮೇಲೆ ಪುಸ್ತಕವನ್ನು ಸುಳ್ಳೆಂದು ಬದಿಗಿಡಬೇಕೇ? ಬೇಡ. ಆದರೆ ಗೌರವದ ಹೆಸರಲ್ಲಿ ಇದನ್ನು ಮುಚ್ಚಿಹಾಕುವುದೂ ತಪ್ಪು. ಓದುಗರ ಎದುರು ಎಲಿನೋರ್ ಪ್ರಾಮಾಣಿಕವಾಗಿ ನಡೆದುಕೊಂಡಿಲ್ಲ. ಅವಳ ಮಾತು ನಂಬಿ ಹೊರಟ ಒಂಟಿ ಹೆಂಗಸಿಗೆ, ಪಕ್ಕದಲ್ಲಿ ಕ್ಲೈಡ್‌ನ ದನ, ಕ್ಲೈಡ್‌ನ ಕುದುರೆ, ಕ್ಲೈಡ್‌ನ ಯಂತ್ರ ಇರಲಿಲ್ಲ. ಈ ವ್ಯತ್ಯಾಸವನ್ನು ಅವಳು ಒತ್ತಿ ಹೇಳಬೇಕಿತ್ತು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಆ ಆಲೂಗಡ್ಡೆ ಸುಳ್ಳಲ್ಲ, ಹಾಲು ಸುಳ್ಳಲ್ಲ, ಕೊಯ್ದ ಹುಲ್ಲು ಸುಳ್ಳಲ್ಲ. ಕಾನೂನು ಕೇಳಿದ್ದು ಯಾರು ಎಲ್ಲಿ ಮಲಗುತ್ತಾರೆ ಎಂದು, ಯಾರು ದುಡಿದರು ಎಂದು ಕೇಳಲಿಲ್ಲ. ಗಂಡನಾದವನಿಗೆ ಮದುವೆಯಿಂದ ಏನೂ ಕಳೆದುಹೋಗಲಿಲ್ಲ, ಹೆಂಡತಿಯಾದವಳು ತನ್ನ ಹೆಸರಿನ ನೆಲವನ್ನೇ ಬಿಡಬೇಕಾಯಿತು. ಹಾಲು ಕರೆದು, ಸಗಣಿ ಬಾಚಿ, ಮೇವು ಹೊತ್ತು ತರುವವಳ ಹೆಸರು ಪಹಣಿಯಲ್ಲಿ ಇಲ್ಲದಿರುವುದನ್ನು ಕಂಡಿರುವ ನಮ್ಮ ಓದುಗರಿಗೆ ಈ ಅನ್ಯಾಯ ಬಿಡಿಸಿ ಹೇಳಬೇಕಾಗಿಲ್ಲ.

ಎಲಿನೋರ್‌ಳ ಮೌನಗಳಲ್ಲಿ ಇನ್ನೊಂದು ಇದಕ್ಕಿಂತ ನೋವಿನದು. ಮದುವೆಯ ಮೊದಲ ವರ್ಷಗಳಲ್ಲಿ ಹುಟ್ಟಿದ ಗಂಡುಮಗು ಜೇಮಿ ಸಾಯುತ್ತಾನೆ. ಈ ವಿಷಯ ಕಾಗದಕ್ಕೆ ಬರುವುದು 1912ರ ಕೊನೆಯಲ್ಲಿ, ಎಷ್ಟೋ ಕಾಲದ ಮೇಲೆ. ಮಗುವಿನ ಪೆಟ್ಟಿಗೆಯನ್ನು ಕ್ಲೈಡ್ ತನ್ನ ಕೈಯಾರೆ ಮಾಡಿದ, ಒಳಗಿನ ಬಟ್ಟೆಯನ್ನು ಎಲಿನೋರ್ ತಾನೇ ಹೊದಿಸಿದಳು, ಪಾದ್ರಿ ಸಿಗದ್ದರಿಂದ ಪ್ರಾರ್ಥನೆಯನ್ನೂ ತಾವೇ ಹೇಳಿಕೊಂಡರು. ಕೆಲವೇ ಸಾಲುಗಳು. ಸಾವಿನ ವಿಧಿಯೂ ಅಲ್ಲಿ ಮನೆಯವರೇ ಮಾಡಿ ಮುಗಿಸಬೇಕಾದ ಕೆಲಸ. ಶಕ್ತಿವಂತ ಹೆಣ್ಣು ಎಂದು ಹೊಗಳುವಾಗ ಆ ಶಕ್ತಿಯನ್ನು ಯಾವುದು ಬೇಡಿತು ಎಂದು ನಾವು ಕೇಳುವುದಿಲ್ಲ. 60 ಮೈಲಿ ದೂರದ ರೈಲು, ಕೈಗೆಟುಕದ ವೈದ್ಯ, ಹಿಮ ಬಿದ್ದರೆ ಕಟ್ಟಿಹೋಗುವ ದಾರಿ: ಇವು ಬೇಡಿದವು.

ಸಾಹಸದ ಅಧ್ಯಾಯಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕುದುರೆ ಕಳ್ಳರು, ಬೆಟ್ಟದಲ್ಲಿ ದಾರಿ ತಪ್ಪಿದವರು, ವರ್ಷಗಳ ಮೇಲೆ ಒಂದಾದ ಪ್ರೇಮಿಗಳು. ಪತ್ರಿಕೆಯ ಓದುಗರಿಗೆ ರುಚಿಸಿದವು ಇವೇ ಇರಬೇಕು, ಎಲಿನೋರ್ ಇವನ್ನು ಹಿಗ್ಗಿಸಿ ಬರೆಯುತ್ತಾಳೆ. ಆದರೆ ನೆರೆಯ ಮಿಸೆಸ್ ಲೌಡರರ್ ಜೊತೆಗಿನ ಕ್ರಿಸ್‌ಮಸ್ ಇವುಗಳ ಸಾಲಿಗೆ ಸೇರದು. ಚಳಿಯಲ್ಲಿ ಕುರಿ ಕಾಯುತ್ತ ಹಬ್ಬವಿಲ್ಲದೆ ಬಿದ್ದಿರುವ ಗಂಡಸರಿಗೆ ಊಟ ಒಯ್ಯಬೇಕೆಂಬುದು ಆ ಜರ್ಮನ್ ಹೆಂಗಸಿನ ಹಟ. 12 ಕುರಿ ಕ್ಯಾಂಪು, 24 ಮಂದಿ. ಹೆಬ್ಬಾತು ಹುರಿದು, ಬ್ರೆಡ್ ಸುಟ್ಟು, ಡೋನಟ್ ಕರಿದು, ಗಾಡಿಗೆ ತುಂಬಿ ಹೊರಡುತ್ತಾರೆ. ಅಲ್ಲಿಯ ಅಡುಗೆಯ ವಿವರಗಳಲ್ಲಿ ಇಬ್ಬರು ಹೆಂಗಸರ ಗೆಳೆತನ ಪ್ರೇಮಕಥೆಗಳಿಗಿಂತ ಚೆನ್ನಾಗಿ ಬಂದಿದೆ.

ಪುಸ್ತಕ ಕಾಣದೇ ಹೋದದ್ದು ಮತ್ತೊಂದಿದೆ. ಬರ್ನ್ಟ್ ಫೋರ್ಕ್ ಸುತ್ತಲಿನ ನೆಲ ಶೋಶೋನಿ ಜನರ ಓಡಾಟದ ನೆಲ. 1868ರ ಫೋರ್ಟ್ ಬ್ರಿಡ್ಜರ್ ಒಪ್ಪಂದದ ಬಳಿಕ ಅವರನ್ನು ಮೀಸಲು ಪ್ರದೇಶಕ್ಕೆ ಸರಿಸಲಾಯಿತು. ಸರ್ಕಾರ ಹಂಚಿದ ಆ ‘ಖಾಲಿ’ ಜಮೀನು ಹಾಗೆ ಖಾಲಿಯಾದದ್ದು. ಬಡ ಹೆಂಗಸರಿಗೆ ನೆಲ ಸಿಗಲಿ ಎಂದು ಹಂಬಲಿಸಿದವಳಿಗೆ ನೆಲ ಕಳೆದುಕೊಂಡ ಹೆಂಗಸರ ನೆನಪು ಬರಲಿಲ್ಲ. ಆ ಕಾಲದವರು ಹಾಗೆಯೇ ಇದ್ದರು ಎಂದು ಹೇಳಿ ಇದನ್ನು ದಾಟಿಹೋಗಲು ನನಗೆ ಮನಸ್ಸಿಲ್ಲ.

ಕಾಗದ ಯಾರನ್ನೋ ಮೆಚ್ಚಿಸಲು ಬರೆಯುವಂಥದು, ದಿನಚರಿ ಹಾಗಲ್ಲ. ಅದಕ್ಕೇ ಎಲಿನೋರ್‌ಳನ್ನು ಓದಿದವರು ಇವಲಿನ್ ಕ್ಯಾಮರೂನ್‌ಳ ಕಡೆಗೂ ತಿರುಗಬೇಕು. 1868ರಲ್ಲಿ ಇಂಗ್ಲೆಂಡಿನ ಸಿರಿವಂತ ಮನೆಯಲ್ಲಿ ಹುಟ್ಟಿ, ಗಂಡನೊಂದಿಗೆ ಮೊಂಟಾನಾದ ಟೆರಿ ಊರಿನ ಬಳಿ ರ‍್ಯಾಂಚ್ ಮಾಡಿದವಳು. ಪೋಲೋ ಆಟಕ್ಕೆ ಕುದುರೆ ಬೆಳೆಸಿ ಮಾರುವ ಗಂಡನ ಯೋಜನೆ ಕೈಕೊಟ್ಟಿತು. ಗಂಡನಿಗೆ ಪಕ್ಷಿಗಳ ಅಧ್ಯಯನದಲ್ಲಿ ಆಸಕ್ತಿ, ಮನೆ ನಡೆಸುವ ಹೊರೆ ಇವಳದು. ತರಕಾರಿ ಬೆಳೆದು ಮಾರಿದಳು, ಮನೆಯಲ್ಲಿ ಜನರನ್ನು ಊಟಕ್ಕಿಟ್ಟುಕೊಂಡಳು, 1894ರಲ್ಲಿ ಕ್ಯಾಮೆರಾ ಕೊಂಡು ಅಕ್ಕಪಕ್ಕದವರ ಚಿತ್ರ ತೆಗೆದು ದುಡ್ಡು ಸಂಪಾದಿಸಿದಳು. ಕುದುರೆಯ ಎರಡು ಬದಿಗೂ ಕಾಲು ಹಾಕಿ ಕೂರಲು ಸೀಳುಲಂಗ ಹೊಲಿಸಿಕೊಂಡು ಮೈಲ್ಸ್ ಸಿಟಿಗೆ ಹೋದಾಗ ಅಲ್ಲಿಯವರು ಬಂಧಿಸುವ ಮಾತಾಡಿದರಂತೆ. 35 ವರ್ಷ ದಿನಚರಿ ಬರೆದಳು. ಎದ್ದದ್ದು, ಹಾಲು ಕರೆದದ್ದು, ಬ್ರೆಡ್ ಮಾಡಿದ್ದು, ಬಟ್ಟೆ ಒಗೆದದ್ದು, ಕ್ಯಾಮೆರಾದ ಗಾಜಿನ ಪ್ಲೇಟು ತೊಳೆದದ್ದು. ಅಲಂಕಾರವಿಲ್ಲ, ಓದುಗರೂ ಇಲ್ಲ. ಎಲಿನೋರ್ ಹೇಳಿಕೊಂಡ ದುಡಿಮೆ ಉತ್ಪ್ರೇಕ್ಷೆಯಲ್ಲ ಎಂಬುದಕ್ಕೆ ನನ್ನ ಮಟ್ಟಿಗೆ ಈ ದಿನಚರಿಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1915ರಲ್ಲಿ ಗಂಡ ತೀರಿಕೊಂಡ ಮೇಲೂ 1928ರಲ್ಲಿ ತಾನು ಸಾಯುವವರೆಗೆ ಒಬ್ಬಳೇ ರ‍್ಯಾಂಚ್ ನಡೆಸಿದಳು. ಅವಳ ಚಿತ್ರಗಳು ಗೆಳತಿಯೊಬ್ಬಳ ಮನೆಯ ನೆಲಮಾಳಿಗೆಯಲ್ಲಿ ದಶಕಗಳ ಕಾಲ ಬಿದ್ದಿದ್ದು, 1970ರ ದಶಕದ ಕೊನೆಯಲ್ಲಿ ಲೇಖಕಿ ಡೊನ್ನಾ ಲ್ಯೂಸಿ ಅವರ ಕಣ್ಣಿಗೆ ಬಿದ್ದವು. ಹಿಟ್ಟು ನಾದುತ್ತ ನಿಂತ ತನ್ನನ್ನೇ ಇವಲಿನ್ ಚಿತ್ರ ತೆಗೆದುಕೊಂಡಿದ್ದಾಳೆ. ದನಕ್ಕೆ ಹಗ್ಗ ಬೀಸುವ ಬಕ್ಲೀ ಸಹೋದರಿಯರನ್ನೂ ಅಷ್ಟೇ ಶ್ರದ್ಧೆಯಿಂದ ತೆಗೆದಿದ್ದಾಳೆ. ಹಿಟ್ಟು ಸಣ್ಣದು, ಹಗ್ಗ ದೊಡ್ಡದು ಎಂಬ ಭೇದ ಆ ಚಿತ್ರಗಳಲ್ಲಿಲ್ಲ.

ಎಲಿನೋರ್‌ಳ ಕಾಗದಗಳನ್ನು ಆಧರಿಸಿ ರಿಚರ್ಡ್ ಪಿಯರ್ಸ್ 1979ರಲ್ಲಿ ‘ಹಾರ್ಟ್‌ಲ್ಯಾಂಡ್’ ಎಂಬ ಚಿತ್ರ ಮಾಡಿದರು. 1980ರ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಗೋಲ್ಡನ್ ಬೇರ್ ಪ್ರಶಸ್ತಿ ಇನ್ನೊಂದು ಚಿತ್ರದ ಜೊತೆ ಹಂಚಿಕೆಯಾಗಿ ಬಂತು. ಕಾಗದಗಳು ಮುಚ್ಚಿಟ್ಟ ಕತ್ತಲೆಯನ್ನೆಲ್ಲ ಈ ಚಿತ್ರ ಹೊರಗೆ ತರುತ್ತದೆ. ಮಾತು ಕಡಿಮೆ, ಗಾಳಿಯ ಸದ್ದು ಹೆಚ್ಚು. ಹಂದಿ ಕಡಿಯುವುದನ್ನು ಕಣ್ಣು ಮುಚ್ಚಿಕೊಳ್ಳದೆ ತೋರಿಸುತ್ತದೆ. ಕೊನೆಗೆ ಹಸು ಕರು ಹಾಕಲಾರದೆ ಒದ್ದಾಡುತ್ತದೆ, ಗಂಡ ಹೆಂಡತಿ ಇಬ್ಬರೂ ಒಳಗೆ ಸಿಕ್ಕಿಬಿದ್ದ ಕರುವಿನ ಕಾಲು ಹಿಡಿದು ಎಳೆಯುತ್ತಾರೆ. ಅದು ನಿಜವಾದ ಹೆರಿಗೆ, ನಟರ ಕೈಯಲ್ಲಿ ಹುಟ್ಟುವುದು ನಿಜವಾದ ಕರು. ಎಲಿನೋರ್ ಪಾತ್ರದ ಕೊಂಚಾಟಾ ಫೆರೆಲ್ ದಪ್ಪ ಮೈಕಟ್ಟಿನ ನಟಿ. ಹಿಂದಿನ ಕೌಬಾಯ್ ಚಿತ್ರಗಳ ನಾಯಕಿಯರಂತೆ ಅವರು ಕೆಲಸದ ನಡುವೆ ಅಂದವಾಗಿ ಕಾಣಲು ಹೋಗುವುದಿಲ್ಲ. ಕಲಾಕೃತಿಯಾಗಿ ಚಿತ್ರ ಪುಸ್ತಕಕ್ಕಿಂತ ಗಟ್ಟಿ ಎನ್ನಬೇಕು. ಆದರೆ ಎಲಿನೋರ್‌ಳ ನಗು ಅದರಲ್ಲಿ ಕಳೆದುಹೋಗಿದೆ. ಕಷ್ಟಪಟ್ಟವರು ಯಾವಾಗಲೂ ಮಂಕಾಗಿಯೇ ಇರುತ್ತಾರೆ ಎಂಬುದು ದೂರದಿಂದ ನೋಡುವವರ ಎಣಿಕೆ. ಮೈ ಮುರಿಯುವಷ್ಟು ದುಡಿದ ದಿನವೂ ಸಂತೋಷದ ದಿನವಾಗಿರಬಹುದು ಎಂಬುದನ್ನು ಕಾಗದಗಳಷ್ಟು ಚೆನ್ನಾಗಿ ಚಿತ್ರ ಹೇಳಲಾರದು. ಕನ್ನಡಕ್ಕೂ ಬಂದಿರುವ ಲಾರಾ ಇಂಗಲ್ಸ್ ವೈಲ್ಡರ್ ಪುಸ್ತಕಗಳಲ್ಲಿ ಆ ಸಂತೋಷವಿದೆ, ಆದರೆ ಅವು ದಶಕಗಳ ಮೇಲೆ ನೆನಪಿನಿಂದ ಬರೆದವು. ಎಲಿನೋರ್ ಬರೆಯುವಾಗ ಕೈಗೆ ಅಂಟಿದ ಹಣ್ಣಿನ ಬಣ್ಣ ಇನ್ನೂ ಹೋಗಿರಲಿಲ್ಲ.

ಅಮೆರಿಕದ ಕೃಷಿ ಗಣತಿಯಲ್ಲಿ ಬೇಸಾಯ ನಡೆಸುವವರು ಗಂಡೋ ಹೆಣ್ಣೋ ಎಂದು ಮೊದಲ ಬಾರಿ ಕೇಳಿದ್ದು 1978ರಲ್ಲಿ. 2017ರ ಗಣತಿಯಲ್ಲಿ ಪ್ರಶ್ನೆಗಳನ್ನು ತಿದ್ದಿ, ಒಂದು ಜಮೀನಿನ ತೀರ್ಮಾನಗಳಲ್ಲಿ ಪಾಲ್ಗೊಳ್ಳುವ ಹೆಚ್ಚು ಜನರನ್ನು ಲೆಕ್ಕಕ್ಕೆ ತಂದರು. ಕೂಡಲೇ ಮಹಿಳೆಯರ ಸಂಖ್ಯೆ ಐದು ವರ್ಷದ ಹಿಂದಿಗಿಂತ ಸುಮಾರು ಶೇಕಡಾ 27 ಏರಿತು. ಆ ಹೆಂಗಸರೆಲ್ಲ ಐದು ವರ್ಷದಲ್ಲಿ ಹೊಸದಾಗಿ ಹೊಲಕ್ಕೆ ಇಳಿದವರಲ್ಲ. ಬಹಳಷ್ಟು ಮಂದಿ ಮೊದಲಿನಿಂದಲೂ ಅಲ್ಲೇ ಇದ್ದರು, ಕೇಳಿದವರಿರಲಿಲ್ಲ. 2022ರ ಗಣತಿಯಂತೆ ಅಲ್ಲಿಯ ಬೇಸಾಯಗಾರರಲ್ಲಿ ಶೇಕಡಾ 36 ಮಹಿಳೆಯರು.

ಎಲಿನೋರ್ 1933ರಲ್ಲಿ ತೀರಿಕೊಂಡಳು. ಅವಳ ಪುಸ್ತಕ ಹಕ್ಕುಸ್ವಾಮ್ಯದ ಅವಧಿ ದಾಟಿದೆ, ಅನುವಾದಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಕೊಟ್ಟಿಗೆಯ ಮಾತು, ಹೊಲದ ಮಾತು ಬಲ್ಲ ಯಾರಾದರೂ ಇದನ್ನು ಕನ್ನಡಕ್ಕೆ ಪೂರ್ತಿಯಾಗಿ ತರಬೇಕು. ಸಾಹಸದ ಕಥೆಗಳನ್ನಷ್ಟೇ ಆರಿಸಿಕೊಂಡು ಆಲೂಗಡ್ಡೆಯ ಲೆಕ್ಕವನ್ನು ಬಿಡಬಾರದು. 1912ರಲ್ಲಿ ಅವಳು ಜಮೀನು ಬಿಟ್ಟುಕೊಟ್ಟ ಸಂಗತಿಯನ್ನು ಮುನ್ನುಡಿಯಲ್ಲೇ ಹೇಳಬೇಕು.